ಇಪ್ಪತ್ತೊಂದನೆಯ ದಿನ

ಕ್ಯೋಟೊ ಊರಾಚೆ, ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಅಲುಗುವ ಹಲಗೆಯ ಮೇಲೆ ನಲವತ್ತು ಗಾಜಿನ ಕುಪ್ಪಿ
ಹಗಲಿರುಳೆನ್ನದೆ ತಲೆದೂಗುತ್ತವೆ,
ಯಾರೋ ಕತೆ ಹೇಳುತ್ತಿದ್ದಾರೆ, ಇವು ಹೂಂಗುಡುತ್ತಿವೆ
ಎನ್ನುವ ಹಾಗೆ.

ಒಳಗಿರುವುದು ಗಿಡವಲ್ಲ.
ಗಿಡವಾಗಿತ್ತು ಒಂದು ಕಾಲಕ್ಕೆ, ತಾಂಬಾ ಬೆಟ್ಟದ ನೆರಳಲ್ಲಿ,
ಗೇಣುದ್ದದ ಓರೆನ್.
ಈಗ ಎಲೆಯಿಲ್ಲ, ದಂಟಿಲ್ಲ, ಬೇರಿಲ್ಲ;
ಸಕ್ಕರೆನೀರಲ್ಲಿ ತೇಲುವ ರವೆಯಂಥ ಕೋಶ.

ಇತ್ಸುಕೊ ಮೂವತ್ತೊಂದು ವರ್ಷದಿಂದ
ಇಪ್ಪತ್ತೊಂದು ದಿನಕ್ಕೊಮ್ಮೆ ಇವಕ್ಕೆ ನೀರು ಬದಲಿಸಿದ್ದಾಳೆ.
ಮದುವೆಯ ಮರುದಿನ. ಗರ್ಭ ಇಳಿದ ವಾರ.
ಕೋಬೆಯಲ್ಲಿ ನೆಲ ನಡುಗಿದ ಆ ಚಳಿಯ ಬೆಳಗ್ಗೆ.
ಬರೆದಿಟ್ಟ ವಹಿಗಳು ಹನ್ನೊಂದು.

ಅವಳಪ್ಪ ಅದೇ ಬೇರು ಅಗೆಯುತ್ತಿದ್ದವನು.
ನೆಟ್ಟು ಐದು ವರ್ಷ ಕಾದು, ಕಿತ್ತು, ಬೆಂಕಿಗೆ ಹಿಡಿದು,
ಕೂದಲುಬೇರು ಸುಟ್ಟು, ಮುರಿದು ನೋಡಿದರೆ
ಒಳಗೆ ಅರಿಸಿನಕ್ಕಿಂತ ಅರಿಸಿನ.
ಒಮ್ಮೆ ಇಲ್ಲಿಗೆ ಬಂದ. ಕುಪ್ಪಿಯನ್ನು ದೀಪಕ್ಕೆ ಹಿಡಿದು
"ಮಣ್ಣೆಲ್ಲಿ?" ಎಂದ.
ಬೇರು ಬೇರೆ, ಬೇರಿನ ಕಹಿ ಬೇರೆ ಎಂದು
ಅವನಿಗೆ ಹೇಗೆ ಹೇಳುವುದು.
ಟೋಪಿ ಇಟ್ಟುಕೊಂಡು ಬಸ್ಸು ಹಿಡಿದ.

ಮೊದಮೊದಲು ಕೋಶಗಳು ನೀರನ್ನೇ ಹಳದಿ ಮಾಡುತ್ತಿದ್ದವು.
ಆಮೇಲೆ, ಯಾವ ವಹಿಯ ಯಾವ ಪುಟದಿಂದಲೋ,
ಬಿಳಿಚಿದವು.
ಬೆಳೆದವು, ಚೆನ್ನಾಗಿಯೇ ಬೆಳೆದವು, ಮೊದಲಿಗಿಂತ ದುಪ್ಪಟ್ಟು.
ಹೊತ್ತು ಹೊತ್ತಿಗೆ ಸಕ್ಕರೆ. ಹುಳವಿಲ್ಲ, ಮೇಯುವ ಜಿಂಕೆಯಿಲ್ಲ.
ಯಾರಿಗಾಗಿ ಕಹಿಯಾಗಬೇಕು?

ನಾಗಿಸಾ, ಇಪ್ಪತ್ತಾರರ ಹುಡುಗಿ, ಪರದೆಯ ಮೇಲೆ ತೋರಿಸುತ್ತಾಳೆ:
ಕಹಿಗೆ ಹತ್ತುಹನ್ನೆರಡು ಮೆಟ್ಟಿಲು,
ಮೆಟ್ಟಿಲಿಗೊಂದು ಕಿಣ್ವ, ಕಿಣ್ವಕ್ಕೊಂದು ಜೀನ್.
ನಡುವೆ ಒಬ್ಬ ತೂಕಡಿಸುತ್ತಿದ್ದಾನೆ.
ಒಂದು ಇಂಗಾಲ, ಮೂರು ಜಲಜನಕ,
ಇಷ್ಟೇ ಇಷ್ಟು ಸರಕನ್ನು ಕೈಯಿಂದ ಕೈಗೆ ದಾಟಿಸುವ ಕೂಲಿ;
ಅವನು ಏಳದೆ ಸಾಲೆಲ್ಲ ನಿಂತಿದೆ.
"ಅದೇ ಜೀನಿನ ಇನ್ನೊಂದು ಪ್ರತಿ ಒಳಗಿಟ್ಟೆ" ಎನ್ನುತ್ತಾಳೆ,
ಮನೆಗೆ ಇನ್ನೊಂದು ಬೀಗದಕೈ ಮಾಡಿಸಿದಷ್ಟು ಸಲೀಸಾಗಿ.
ಹೊತ್ತು ಒಯ್ದದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾ.

"ಮಣ್ಣೆ?"
ಇತ್ಸುಕೊ ಬಾಯಿಗೆ ಕೈಯಡ್ಡ ಹಿಡಿದು ನಕ್ಕಳು.
ತುಂಬ ಹೊತ್ತು ನಕ್ಕಳು.
ಹುಡುಗಿಗೆ ಅರ್ಥವಾಗಲಿಲ್ಲ.

ಇಪ್ಪತ್ತೊಂದನೆಯ ದಿನ, ಹನ್ನೆರಡರಲ್ಲಿ ಹನ್ನೊಂದು
ಗಂಜಿತಿಳಿಯ ಹಾಗೆ ಬೆಳ್ಳಗೆ.
ಏಳನೆಯದರ ತಳದಲ್ಲಿ ಒಂದು ಕಲೆ,
ಅಪ್ಪನ ಹೆಬ್ಬೆರಳ ಉಗುರಿನಷ್ಟು.

ನಾಗಿಸಾ ಫೋನಿಗೆ ಓಡಿದಾಗ
ಕೈಗವಸು ಕಳಚಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.
ಒಂದು ತೊಟ್ಟು, ನಾಲಗೆಯ ತುದಿಗೆ.

ವಹಿಯಲ್ಲಿ ಬರೆದಳು: ಏಳನೇ ಕುಪ್ಪಿ. ಹಳದಿ. ಕಹಿ.
ಕೊನೆಯ ಪದ ಹೊಡೆದುಹಾಕಿದಳು.
ಅದಕ್ಕೆ ಕಾಲಂ ಇರಲಿಲ್ಲ.