ನಡಾವಳಿಯಲ್ಲಿ ಬರೆಯದ್ದು

ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟೇ:
ಉಂಡಿಬಾಗ ಮೀನುಗಾರರ ಸಂಘ, ಸರ್ವಸದಸ್ಯರ ಸಭೆ.
ವಿಷಯ ಒಂದು, ಒಕ್ಕೂಟದಿಂದ ಹೊರಬರುವುದು.
ಪರ ನೂರ ನಲವತ್ತೊಂದು. ವಿರೋಧ ನೂರ ಮೂವತ್ತೆಂಟು.
ತಿರಸ್ಕೃತ ಒಂದು.
ಚಹಾ, ಖಾರಾ ಶೇವು ಬಾಬ್ತು ಸಾವಿರದ ಒಂಬೈನೂರು.

ಬರೆಯದ್ದು:
ತಗಡಿನ ಮಾಡಿನ ಮೇಲೆ ಬಿದ್ದ ಮಳೆ
ಯಾರ ಮಾತನ್ನೂ ಪೂರ್ತಿ ಕೇಳಗೊಡದೆ
ಮೆತ್ತಗಿನವರನ್ನೂ ಕಿರುಚಿಸಿದ್ದು.
ಬಂದ್ ಕಾಲ. ದೋಣಿಗಳು ಮಡ್ಲು ಹೊದ್ದು ದಂಡೆಯಲ್ಲಿ.
ಕೈಗೆ ಕೆಲಸವಿಲ್ಲದ ಎರಡು ತಿಂಗಳಲ್ಲಿ
ಬಾಯಿಗೆ ಎಷ್ಟೊಂದು ಕೆಲಸ!

ಸೋಮಾ ತಾಂಡೇಲ ಲುಂಗಿ ಎತ್ತಿಕಟ್ಟಿ ಎದ್ದ.
"ಬಲೆ ನಮ್ದು, ಬೆವರು ನಮ್ದು,
ದರ ಹೇಳೂದು ಕಾರವಾರದ ಫ್ಯಾನಿನ ಕೆಳಗೆ ಕೂತವ್ರು.
ನೂರಕ್ಕೆ ನಾಲ್ಕು ಅವ್ರಿಗೆ ಎಂತಕ್ಕೆ?
ಸಮುದ್ರ ಅವ್ರು ಕಟ್ಸಿದ್ದೋ?"
ಚಪ್ಪಾಳೆ. ಒಂದು ಬೆಂಚು ಬಿತ್ತು.

ತಮ್ಮ ಉಲ್ಲಾಸ ಕೂತಲ್ಲಿಂದಲೇ:
"ಮಂಜಿನ ಲಾರಿ ಯಾರದು? ಡೀಸೆಲ್ಲಿನ ಚೀಟಿ ಯಾರದು?
ಗಾಳಿಗೆ ಬಲೆ ಹೋದ ವರ್ಷ ಹಣ ಕೊಟ್ಟವ್ರು ಯಾರು?"
"ಅರ್ಧ ಕೊಟ್ರು!"
"ಅರ್ಧ ಆದ್ರೂ ಕೊಟ್ರಲ್ಲ!"
ಅರ್ಧ ಎಂಬ ಒಂದೇ ಮಾತಿನ ಎರಡು ತುದಿ ಹಿಡಿದು
ಇಬ್ಬರೂ ಜಗ್ಗಿದರು.
ರಂಪಣಿಯಾದರೆ ಎರಡೂ ಹಗ್ಗ ಒಂದೇ ದಂಡೆಗೆ ಬರುತ್ತವೆ.
ಇದು ಬರಲಿಲ್ಲ.

ಇಬ್ಬರದೂ ಒಂದೇ ದೋಣಿ.
ಇಬ್ಬರಲ್ಲಿ ಒಬ್ಬ ನನ್ನ ಗಂಡ.
ಯಾರೆಂದು ಇಲ್ಲಿಯೂ ಬರೆಯುವುದಿಲ್ಲ:
ನಾನು ಸಂಬಳದವಳು, ನನಗೆ ಮತವಿಲ್ಲ.

ಬಾಗಿಲ ಹೊರಗೆ, ಮಳೆಯ ಇರಚಲಿಗೆ ಬುಟ್ಟಿ ಕವುಚಿಕೊಂಡು
ಮೀನು ಮಾರುವ ಹೆಂಗಸರು. ಅವರಿಗೂ ಇಲ್ಲ.
ದೇವಕಿ ದುರ್ಗೇಕರ ಕಿಟಕಿಯ ಸರಳು ಹಿಡಿದು ಕೂಗಿದಳು:
"ಬಿಡೂದಾದ್ರೆ ಬಿಡ್ರೋ!
ನನ್ನ ಬುಟ್ಟಿಗೆ ಮಂಜು ಯಾರು ಹಾಕ್ತ್ರು
ಅದೊಂದು ಹೇಳಿ ಬಿಡ್ರಿ."
ಅಧ್ಯಕ್ಷರು ಮೇಜು ಕುಟ್ಟಿದರು,
ವಿಷಯಪಟ್ಟಿಯಲ್ಲಿ ಅದಿರಲಿಲ್ಲ.

ಆ ರಾತ್ರಿ ಕಪಾಟಿನ ತಳದಿಂದ ಹಳೆಯ ಪುಸ್ತಕ ತೆಗೆದೆ,
ನಾವು ಒಕ್ಕೂಟ ಸೇರಿದ ವರ್ಷದ್ದು.
ನುಸಿ ತಿಂದ ಅಕ್ಷರ: ಸರ್ವಾನುಮತದಿಂದ.
ಅಂಚಿನಲ್ಲಿ ಪೆನ್ಸಿಲು, ನನಗಿಂತ ಹಿಂದಿನ ಗುಮಾಸ್ತನದು:
'ಹನ್ನೊಂದು ಜನ ಮೂತ್ರಕ್ಕೆಂದು ಹೋದವರು
ತಿರುಗಿ ಬರಲಿಲ್ಲ.'
ದೀಪ ಆರಿಸಿ ಎಷ್ಟೋ ಹೊತ್ತು ನಕ್ಕೆ.

ತಿರಸ್ಕೃತವಾದ ಆ ಚೀಟಿ ನನ್ನ ಹತ್ತಿರವೇ ಇದೆ.
ಹೌದು, ಅಲ್ಲ, ಎರಡನ್ನೂ ಬಿಟ್ಟು ಯಾರೋ ಬರೆದಿದ್ದಾರೆ:
'ಹೋದ ವರ್ಷದ ಶೆಟ್ಲಿಯ ಹಣ
ಏಳುನೂರ ನಲವತ್ತು, ಇನ್ನೂ ಬಂದಿಲ್ಲ.'

ಆಗಸ್ಟ್ ಒಂದು. ದೋಣಿ ನೀರಿಗಿಳಿದ ದಿನ
ಮಂಜಿನ ಲಾರಿ ಎಂದಿನಂತೆ ಬಂತು!
ಡ್ರೈವರ್ ಬಸ್ತ್ಯಾಂವನಿಗೆ ಯಾರೂ ಸುದ್ದಿ ಹೇಳಿರಲಿಲ್ಲ.
"ಅಕ್ಕಾ, ಬಿಲ್ಲು ಯಾರ ಹೆಸರಿಗೆ?"
ಸೋಮಾ: "ಇವತ್ತೊಂದು ದಿನ ಹಳೇ ಲೆಕ್ಕಕ್ಕೇ ಹಾಕು."
ಉಲ್ಲಾಸ: "ಬಿಟ್ಟದ್ದು ಬಿಟ್ಟದ್ದೇ. ಲಾರಿ ತಿರುಗಿಸು."
ಸುತ್ತ ಜನ ನೆರೆಯಿತು.
ಅದೇ ಮಾತು, ಈಗ ಬಾಯಿ ಮಾತ್ರ ಅದಲು ಬದಲು.

ಲಾರಿಯ ಹಿಂಬಾಗಿಲಿಂದ ನೀರು
ಹನಿ, ಆಮೇಲೆ ಎಳೆ,
ಆಮೇಲೆ ಮರಳಲ್ಲಿ ಒಂದು ಸಣ್ಣ ಹಳ್ಳ.
ಬೆಳಗಿನ ಬಂಗಡೆ ಬುಟ್ಟಿಯಲ್ಲಿ ಕಣ್ಣು ಮಬ್ಬಾಗಿಸಿಕೊಳ್ಳುತ್ತಿತ್ತು.
ದೇವಕಿ ಯಾರನ್ನೂ ಕೇಳದೆ ಲಾರಿ ಹತ್ತಿ
ಗುದ್ದಲಿಯಿಂದ ಒಂದು ಗಡ್ಡೆ ಒಡೆದಳು.
"ನನ್ನ ಹೆಸರಿಗೆ ಬರಿಯೋ."

ಬಸ್ತ್ಯಾಂವ ನನ್ನ ಮುಖ ನೋಡಿದ.
ಸಂಘದ ಯಾವ ಪುಸ್ತಕದಲ್ಲೂ ಇಲ್ಲದ ಹೆಸರು;
'ದುರ್ಗೇಕರ'ಕ್ಕೆ ಅರ್ಕಾವತ್ತು ಎಲ್ಲಿ ಬರುತ್ತದೆಂದು
ಪೆನ್ನು ಹಿಡಿದು
ನಾನೂ ಒಂದು ಕ್ಷಣ ನಿಂತೆ.