ಕೆಂಪು ಚುಕ್ಕಿ

ಬ್ಲಫ್ ಬಿಟ್ಟು ವಿಮಾನ ಹತ್ತಿದಳು ಮೆರೆಯಾನಾ,
ದೇಶದ ಬಡಗಣ ತುದಿಯಿಂದ
ಮೂರು ಸಾವಿರ ಕಿಲೋಮೀಟರು ನಡೆದು
ಮನೆಗೇ ಬರಲಿಕ್ಕೆ.
ಹತ್ತೊಂಬತ್ತು. ಯಾರ ಮಾತು ಕೇಳುವ ವಯಸ್ಸು?

ನನ್ನದು ಒಂದೇ ಷರತ್ತು: ಸಂಜೆಗೊಮ್ಮೆ ಗುಂಡಿ ಒತ್ತಬೇಕು,
ನನ್ನ ಫೋನಿನ ನಕ್ಷೆಯಲ್ಲಿ ಕೆಂಪು ಚುಕ್ಕಿ ಮೂಡಬೇಕು.
'ನಾಯಿಗೆ ಕಟ್ಟುವ ಹಗ್ಗ' ಅಂದಿದ್ದಳು.
ಆದರೂ ಒತ್ತುತ್ತಾಳೆ.

ಈಗ ಮೂರು ಸಂಜೆಯಿಂದ ಚುಕ್ಕಿ
ಅಹುರಿರಿ ಹೊಳೆಯ ಆಚೆ ದಡದಲ್ಲೇ.
ಕಾಲು ಉಳುಕಿತೋ, ಜ್ವರವೋ,
ನನಗೆ ತುತ್ತು ಇಳಿಯದು.
ಅವಳಪ್ಪ, ಸಿಂಪಿ ದೋಣಿಯ ತಾಮಾತಿ,
ಬೂಟು ತೊಳೆಯುತ್ತ ನಕ್ಕ:
'ಹೊಳೆ ತುಂಬಿದೆ ಕಣೆ. ಕಾಯುತ್ತಿದ್ದಾಳೆ.
ನಾನು ಕಾಯಲು ಕಲಿತದ್ದು
ದೋಣಿ ಮಗುಚಿದ ಮೇಲೆ.'

ನಡುರಾತ್ರಿ ಎದ್ದರೆ ಅಡುಗೆಮನೆಯಲ್ಲಿ ಬೆಳಕು.
ನನ್ನ ಫೋನು ಹಿಡಿದು ಕೂತಿದ್ದಾನೆ,
ಎರಡು ಒರಟು ಬೆರಳಿಂದ
ನಕ್ಷೆಯನ್ನು ಹಿಗ್ಗಿಸುತ್ತ, ಹಿಗ್ಗಿಸುತ್ತ,
ಅವಳ ಮುಖ ಕಾಣುವವರೆಗೂ
ಹಿಗ್ಗೀತು ಎಂಬಂತೆ.