ರಸೀತಿ

ಅಕ್ಟೋಬರಿನ ಎರಡನೇ ವಾರ, ಮೂವತ್ತೊಂಬತ್ತನೇ ಇಸವಿ.
ಯುದ್ಧ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲ.
‘ಹೆಚ್ಚುವರಿ ತಾಲೀಮು’ ಎಂದಿತ್ತು ಕಾಗದ.
ಅಂಚೆಯ ಲೆಂಪಿ ಸೈಕಲ್ ತುಳಿದು ತಂದಳು
ಲಾಡೋಗಾ ದಂಡೆಯ ನಮ್ಮೂರ ಮೂವತ್ತು ಮನೆಗೆ
ನಲವತ್ತೊಂದು ಲಕೋಟೆ.

ಕೂಡುವ ಜಾಗ ನನ್ನ ಶಾಲೆ.
ಬೆಂಚು ಹೊರಗೆಸೆಯಬೇಡಿ ಎಂದೆ, ಮಳೆಯಿತ್ತು.
ಅದಕ್ಕೇ ಅವುಗಳ ಮೇಲೇ ಕೂತರು ಗಂಡಸರು,
ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ,
ತಾವೇ ಒಂದು ಕಾಲಕ್ಕೆ ಚಾಕುವಿನಲ್ಲಿ ಕೊರೆದ
ತಮ್ಮ ತಮ್ಮ ಹೆಸರಿನ ಮುಂದೆ.

ಮೂರು ಊರು ಕೂಗಿ ಬಂದ ಕ್ಯಾಪ್ಟನ್ನನಿಗೆ ಗಂಟಲು ಕಟ್ಟಿತ್ತು.
ಹಾಜರಿ ನಾನೇ ಕರೆದೆ.
‘ವಿಲ್ಪು?’
‘ಬಂದಿದೀನಿ ಟೀಚರ್.’
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು.

ಸೈನ್ಯ ಬೆಳೆಯುವುದು ಮಗ್ಗಿಯ ಹಾಗೆ.
ಹತ್ತು ಮಂದಿಗೊಂದು ತುಕಡಿ, ಹತ್ನಾಲ್ಕಲೆ ನಲವತ್ತು,
ಅಂಥ ಮೂರೋ ನಾಲ್ಕೋ ಸೇರಿದರೆ ಕಂಪನಿ,
ಕಂಪನಿಗಳಿಂದ ಬೆಟಾಲಿಯನ್, ಅದರಿಂದ ರೆಜಿಮೆಂಟು.
ಬಾಯಿಪಾಠಕ್ಕೆ ಬಲು ಸಲೀಸು.
ಗುಣಾಕಾರದಲ್ಲಿ ಶೇಷ ಉಳಿಯುವುದಿಲ್ಲ ಮಕ್ಕಳೇ,
ಶೇಷ ಬರುವುದು ಭಾಗಾಕಾರದಲ್ಲಿ,
ನಾನೇ ಕಲಿಸಿದ ಪಾಠ.
ಆದರೂ ಒಬ್ಬ ಉಳಿದ:
ನಲವತ್ತೊಂದನೆಯವನು, ಹಿಲ್ಪಾಳ ಮಗ ಅನ್ಸೆಲ್ಮಿ.
ಅವನನ್ನು ಕುದುರೆಗಳ ಲೆಕ್ಕಕ್ಕೆ ಹಾಕಿದರು.

ಸಮವಸ್ತ್ರ ಸಾಲಲಿಲ್ಲ.
ಒಬ್ಬೊಬ್ಬನಿಗೂ ಸೊಂಟಕ್ಕೊಂದು ಪಟ್ಟಿ,
ಟೋಪಿಗೊಂದು ಬಿಲ್ಲೆ, ಒಂದು ಬಂದೂಕು,
ಸರ್ಕಾರದ್ದು ಅಲ್ಲಿಗೆ ಮುಗಿಯಿತು.
ಮದುವೆಯ ಕೋಟು, ಅಣ್ಣನ ಬೂಟು, ಮೀನಿನ ವಾಸನೆಯ ಸ್ವೆಟರು,
ಇವೆಲ್ಲ ಮನೆಯವು.
ಕೈಗವಸು ನಾವು ಹೆಣೆದೆವು ರಾತ್ರಿಯಿಡೀ.
ತೋರುಬೆರಳಿಗೆ ಬೇರೆ ಗೂಡಿರಲಿ ಎಂದು ಅಪ್ಪಣೆಯಾಗಿತ್ತು.
ಒಂದು ಬೆರಳನ್ನು ಉಳಿದ ಮೂರರಿಂದ ಬಿಡಿಸುವುದು,
ಇಷ್ಟೇ ಇರಬೇಕು ಇದೆಲ್ಲ, ಎಂದುಕೊಂಡೆ
ಕಡ್ಡಿ ತಪ್ಪಿದ ಹೊಲಿಗೆ ಬಿಚ್ಚುತ್ತ.

ಅಂಗಳದಲ್ಲಿ ಕುದುರೆಗಳ ಸಾಲು.
ಕಾದ ಕಬ್ಬಿಣದಲ್ಲಿ ಗೊರಸಿಗೆ ನಂಬರು ಒತ್ತಿದರು,
ಸುಟ್ಟ ಕೊಂಬಿನ ವಾಸನೆ ಕರಿಹಲಗೆಗೂ ಹತ್ತಿತು.
ರಸೀತಿ ಬರೆಯುವ ಕೆಲಸ, ಅಕ್ಷರ ದುಂಡಗಿದೆಯೆಂದು, ನನಗೆ.
‘ವಿರ್ಕು. ಕಂದು. ಏಳು ವರ್ಷ. ಹಣೆಯಲ್ಲಿ ಚುಕ್ಕಿ.
ಗಾಡಿ ಸಮೇತ. ಕೆಲಸ ಮುಗಿದ ಮೇಲೆ
ವಾಪಸು, ಇಲ್ಲವೇ ಬೆಲೆ.’
ಹಿಲ್ಪಾ ಅದನ್ನು ಮಡಿಸಿ ಎದೆಗಿಟ್ಟುಕೊಂಡಳು.
ಹೋದವಳು ಮತ್ತೆ ಸಾಲಿನ ಕೊನೆಗೆ ಬಂದು ನಿಂತಳು.
‘ಕುದುರೆಯದು ಸಿಕ್ಕಿತು. ಅನ್ಸೆಲ್ಮಿಯದು?’

ತಮಾಷೆಯೆಂದುಕೊಂಡೆ. ಚಾಚಿದ ಕೈ ಚಾಚಿಯೇ ಇತ್ತು.
ಕ್ಯಾಪ್ಟನ್ ಕಿಟಕಿಯಾಚೆ ಏನೋ ನೋಡತೊಡಗಿದ.
ಅದೇ ಪುಸ್ತಕದ ಮುಂದಿನ ಹಾಳೆ ಹರಿದೆ.
‘ಮಗ, ಒಬ್ಬ. ಇಪ್ಪತ್ತೊಂದು ವರ್ಷ.
ಎಡಗಿವಿಯ ಮೇಲೆ ಗಾಯದ ಗುರುತು.’
‘ವಾಪಸು’ ಎಂದು ಬರೆದೆ.
‘ಇಲ್ಲವೇ’ ಎಂಬಲ್ಲಿಗೆ ಬಂದು ಅಡ್ಡಗೆರೆ ಎಳೆದೆ.
ಕೊಂಡವರ ಸಹಿಯ ಜಾಗದಲ್ಲಿ ನನ್ನ ಸಹಿ,
ಹಸುರು ಶಾಯಿಯಲ್ಲಿ ಶಾಲೆಯ ಮುದ್ರೆ.
ಬೇರೆ ಮುದ್ರೆ ನನ್ನಲ್ಲಿರಲಿಲ್ಲ.

ಮಾರ್ಚಿನಲ್ಲಿ ಗಡಿ ಸರಿಯಿತು,
ಶಾಲೆ ಆಚೆಗಾಯಿತು, ನಾವು ಈಚೆಗೆ.
ಪಶ್ಚಿಮದ ಯಾವುದೋ ಊರಿನ ಭಜನೆ ಕೇಳದ ಚರ್ಚಿನ ಹಿಂದೆ
ಹುಲ್ಲಿನ ಮೇಲೆ ಮಲಗಿದ್ದೆವು, ಹಂಡೆ ಕೊಡಗಳ ನಡುವೆ.
ವಿರ್ಕು ಬಂತು. ಪಕ್ಕೆಲುಬು ಎಣಿಸಬಹುದಿತ್ತು.
ಗೊರಸು ಬೆಳೆಯುತ್ತಲೇ ಇರುತ್ತದಲ್ಲ,
ಒತ್ತಿದ ನಂಬರು ಅರ್ಧಕ್ಕೆ ಇಳಿದಿತ್ತು,
ಬೇಸಿಗೆಗೆ ಪೂರ್ತಿ ಸವೆದು ಹೋದೀತು.

ಒಂದು ಸಂಜೆ ಹಿಲ್ಪಾ ನನ್ನನ್ನು ಹುಡುಕಿಕೊಂಡು ಬಂದಳು.
ಎದ್ದು ನಿಂತೆ. ಬೈಗುಳಕ್ಕೆ ಸಿದ್ಧಳಾಗಿದ್ದೆ.
ಅವಳು ಬೈಯಲಿಲ್ಲ.
ಬೆವರಿಗೆ ಹಸುರು ಕದಡಿದ ಕಾಗದ ಬಿಚ್ಚಿ
ಬೆರಳಿಟ್ಟು ತೋರಿಸಿದಳು:
‘ಇಲ್ಲೊಂದು ತಪ್ಪಿದೆ ಟೀಚರ್.
ಗಾಯ ಇರುವುದು ಬಲಗಿವಿಯ ಮೇಲೆ.
ತಿದ್ದಿಕೊಡಿ.
ಹುಡುಕುವವರಿಗೆ ಗೊತ್ತಾಗಬೇಕಲ್ಲ.’

ಶಾಯಿ ಸಿಗಲಿಲ್ಲ.
ಸೀಸದಕಡ್ಡಿಯಲ್ಲಿ ತಿದ್ದಿದೆ.